ಗೌರಿಹೊಳೆ ಸುತ್ತಿ ಬಂದ ಬೊಮ್ಮ

"ಕೇಳ್ರಪ್ಪೋ ಕೇಳಿ! ಗೌರಿಹೊಳೆಯ ಕಣಿವೆ ಹಿಡಿದು ಹೋಗಿ, ಮೂರ್ಕಲ್ಲು ಬೆಟ್ಟ ಹತ್ತಿ, ಆಚೆ ಇಳಿದು, ಸುತ್ತು ಹಾಕಿಕೊಂಡು ಮತ್ತೆ ಕೋಟೆ ಬಾಗಿಲಿಗೇ ಬರಬೇಕು. ಬಂದವರಿಗೆ ರಾಜಕುಮಾರಿ ಹೊನ್ನಾಂಬೆಯವರು ಮೂರು ಒಗಟು ಕೇಳುತ್ತಾರೆ. ಬಿಡಿಸಿದವರಿಗೆ ರಾಜಕುಮಾರಿಯೂ ಅರ್ಧ ರಾಜ್ಯವೂ ಸಿಗುತ್ತದೆ. ತಪ್ಪಿದವರ ತಲೆ ಅಮಾವಾಸ್ಯೆಗೆ ಹೋಗುತ್ತದೆ!"

ಮಂಜಾಪುರದಲ್ಲಿ ಹೀಗೆ ಡಂಗುರ ಹೊಡೆಸಿದ ರಾಜ ಕೆಟ್ಟವನಲ್ಲ, ಮೆತ್ತನೆಯವನು. ಕೆಲವೊಮ್ಮೆ ಅದೇ ಹೆಚ್ಚು ಅಪಾಯ. ಕಿರಿಯ ಮಗಳು ಕೆಂಪಾಂಬೆ ಆ ಬೆಟ್ಟಕ್ಕೆ ಹೋದವಳು ತಿರುಗಿ ಬಂದಿರಲಿಲ್ಲ. ಅಂದಿನಿಂದ ಹಿರಿಯವಳು ಹೊನ್ನಾಂಬೆ ಅನ್ನ ನೀರು ಬಿಟ್ಟು ಒಣಗಿಹೋಗಿದ್ದಳು. ಈ ಒಗಟಿನ ಪಣವೂ ಸೇರಿ ಅವಳು ಕೇಳಿದ್ದಕ್ಕೆಲ್ಲ ಅವನು ಹೂಂ ಅಂದ.

ಮೊದಲು ಬಂದ ಪಾಳೆಯಗಾರನ ಮಗ ಕುದುರೆಯ ಮೇಲೆ ಸುತ್ತು ಮುಗಿಸಿ, ಮೊದಲ ಒಗಟಿಗೇ "ಗಾಳಿ" ಎಂದು ಮುಗ್ಗರಿಸಿದ. ಸೆಟ್ಟಿಯ ಮಗ ಎರಡನ್ನು ಬಿಡಿಸಿ, ಮೂರನೆಯದಕ್ಕೆ "ಆಣೆ" ಅಂದ. ಇಬ್ಬರ ತಲೆಯೂ ಹೋಯಿತು. ಮೂರನೆಯವನು ಬುಟ್ಟಿ ಹೆಣೆಯುವ ಜವರ. ಅವನೂ ಎರಡನೆಯ ಒಗಟಿಗೆ "ನೆರಳು" ಎಂದು ತಪ್ಪಿ ಸೆರೆಮನೆ ಸೇರಿದ. ನಾಳೆ ರಾತ್ರಿಯೇ ಅಮಾವಾಸ್ಯೆ.

ಜವರ ಹೋದದ್ದು ರಾಜಕುಮಾರಿಯ ಆಸೆಗಲ್ಲ, ತಮ್ಮ ಬೊಮ್ಮನ ಮೇಲಿನ ಸಿಟ್ಟಿಗೆ. ಬಿದಿರು ಸೀಳುವಾಗ ಇಬ್ಬರಿಗೂ ಜಗಳ ಹತ್ತಿ, "ನಿನ್ ಮುಖ ನೋಡೋಕಾಗಲ್ಲ, ಹೋಗು ಅತ್ಲಾಗೆ!" ಅಂದಿದ್ದ ಬೊಮ್ಮ. ಅಣ್ಣ ಹೋಗಿಯೇಬಿಟ್ಟ. ಈಗ ತಮ್ಮ ಊಟ ಬಿಟ್ಟು ಕೂತಿದ್ದ. ಅಣ್ಣನನ್ನು ಕೊಲ್ಲುತ್ತಿರುವವನು ನಾನೇ ಎಂದು ಅವನು ಒಳಗೊಳಗೇ ಬೇಯುತ್ತಿದ್ದ.

ಬೆಳಗಾಗುತ್ತಲೇ ಬೊಮ್ಮನೂ ಹೊರಟ. ಕಣಿವೆಯಲ್ಲಿ ಹೊಳೆ ಅವನ ಎದುರಿನಿಂದ ಬಂದು, ಹಿಂದಕ್ಕೊಮ್ಮೆಯೂ ನೋಡದೆ ಸಾಗಿತು. ಬೆಟ್ಟದ ನೆತ್ತಿಯಲ್ಲಿ ದುಃಖ ತಡೆಯದೆ "ಅಣ್ಣಾ, ತಪ್ಪಾಯ್ತು!" ಎಂದು ಕೂಗಿದ. "ತಪ್ಪಾಯ್ತು" ಅಂದಿತು ಬೆಟ್ಟ. ಆಚೆ ಇಳಿದು, ಮುಳ್ಳು ಚುಚ್ಚಿದ ಕಾಲನ್ನು ಎಳೆಯುತ್ತಾ, ಹೊಲದ ಬದುಗಳ ಮೇಲೆ ನಡೆದು ಸಂಜೆಗೆ ಅದೇ ಬಾಗಿಲಿಗೆ ಬಂದ.

ಹೊನ್ನಾಂಬೆ ಅವನ ಮುಖ ನೋಡದೆ ಕೇಳಿದಳು. "ಸದಾ ಹೋಗುತ್ತಲೇ ಇರುತ್ತಾಳೆ. ಹೊರಟ ಮನೆಗೆ ಒಂದು ದಿನವೂ ತಿರುಗಿ ಬರುವುದಿಲ್ಲ. ಯಾರವಳು?"

"ಹೊಳೆ, ಅಮ್ಮಣ್ಣಿ."

"ಕರೆದರೆ ಓಗೊಡುತ್ತಾನೆ, ಎಷ್ಟು ಕರೆದರೂ ಎದುರಿಗೆ ಬರುವುದಿಲ್ಲ. ಯಾರವನು?"

"ಬೆಟ್ಟದ ಮಾರ್ದನಿ. ನಾನೂ ಕೂಗ್ದೆ. ನನ್ ಮಾತೇ ನಂಗೆ ಬಂತು, ಅಣ್ಣ ಬರ್ಲಿಲ್ಲ."

ರಾಜಕುಮಾರಿ ಮೊದಲ ಸಲ ಅವನ ಮುಖ ನೋಡಿ ಕೇಳಿದಳು. "ಬಾಗಿಲಲ್ಲಿ ನಿಂತು ಆಡುವ ಮಾತು. ಅರ್ಧ ಆಡಿದರೆ ಹೋದವರು ಹೋದರು. ಪೂರ್ತಿ ಆಡಿದರೆ ಸುತ್ತು ಮುಗಿಸಿ ಮನೆಗೆ ಬರುತ್ತಾರೆ. ಯಾವುದದು?"

ಬೊಮ್ಮ ತಲೆ ತಗ್ಗಿಸಿದ. ಸಭೆಯವರು ಇವನ ಕತೆಯೂ ಮುಗಿಯಿತು ಅಂದುಕೊಂಡರು. ಅವನ ಕಣ್ಣಿಂದ ನೀರು ಇಳಿಯಿತು.

"ಗೊತ್ತು ಅಮ್ಮಣ್ಣಿ, ಆಡೋಕೆ ನಾಚಿಕೆ ಆಯ್ತದೆ. 'ಹೋಗಿ ಬಾ' ಅನ್ನೋ ಮಾತು. ನಾನು ಅಣ್ಣಂಗೆ 'ಹೋಗು' ಅಂತ ಮಾತ್ರ ಅಂದ್ಬಿಟ್ಟೆ. ಈ ಒಗಟು ಕಟ್ಬೇಕಾದ್ರೆ ನೀವೂ ಯಾರಿಗೋ ಹಂಗೇ ಅಂದಿರ್ಬೇಕು."

ಹೊನ್ನಾಂಬೆ ಆಸನದಿಂದ ಇಳಿದು ನೆಲದ ಮೇಲೆ ಕೂತಳು. "ನನ್ನ ತಂಗಿಗೆ. ನೀನೂ ಬಾ ಅಕ್ಕ ಅಂತ ಸೆರಗು ಹಿಡಿದಿದ್ದಳು. ಬೇಕಾದರೆ ನೀನೇ ಹೋಗು ಅಂತ ಸೆರಗು ಬಿಡಿಸಿಕೊಂಡೆ. ಹೊಳೆ ಪಕ್ಕದಲ್ಲಿ ಹುಡುಕಿದೆ, ಬೆಟ್ಟದ ಮೇಲೆ ಕೂಗಿದೆ. ನಾನಾಗಿ ಹೇಳಿಕೊಳ್ಳಲು ಧೈರ್ಯ ಬರಲಿಲ್ಲ. ಯಾರಾದರೂ ನನ್ನ ತಪ್ಪನ್ನು ಬಾಯಿಬಿಟ್ಟು ಹೇಳಲಿ ಅಂತ ಕಾದೆ. ಹೇಳಲಾರದವರ ತಲೆ ತೆಗೆಸಿದೆ."

ರಾಜ ಎದ್ದುಬಂದು ಮಗಳನ್ನೂ ಅರ್ಧ ರಾಜ್ಯವನ್ನೂ ಕೊಡುತ್ತೇನೆ ಎಂದ.

"ಅಣ್ಣನ್ನ ಕೊಡಿ ಬುದ್ಧೀ, ಸಾಕು," ಅಂದ ಬೊಮ್ಮ.

ಜವರನನ್ನು ಕರೆತಂದರು. ಬೊಮ್ಮ ಅಣ್ಣನ ಕಾಲಿಗೆ ಬಿದ್ದಾಗ ಅವನು ರಟ್ಟೆ ಹಿಡಿದು ಎಬ್ಬಿಸಿ, "ಊಟ ಮಾಡಿಲ್ವೇನೋ? ಹಿಂಗ್ಯಾಕೆ ಕಡ್ಡಿಯಾಗಿದ್ದೀಯ?" ಅಂದ. ಬೊಮ್ಮ ಬೇಡ ಬೇಡವೆಂದರೂ ರಾಜ ಬೆಟ್ಟದ ತಪ್ಪಲಿನ ಬಿದಿರುಮೆಳೆಗಳನ್ನೆಲ್ಲ ಅಣ್ಣತಮ್ಮಂದಿರಿಗೆ ಬಿಟ್ಟುಕೊಟ್ಟ.

"ನನ್ನನ್ನು ಕ್ಷಮಿಸುವವರು ಯಾರು?" ಎಂದಳು ಹೊನ್ನಾಂಬೆ.

"ಅದು ನಂಗೊತ್ತಿಲ್ಲ ಅಮ್ಮಣ್ಣಿ. ತಲೆ ಹೋದೋರಿಗೆ ತಾಯಂದಿರವ್ರೆ. ಅವರ್ನೇ ಕೇಳ್ಬೇಕು."

ಮರುದಿನ ಅವಳು ಒಡವೆ ಬಿಚ್ಚಿಟ್ಟು, ಬರಿಗಾಲಲ್ಲಿ ನಡೆದು ಸೆಟ್ಟಿಯ ಮನೆಯ ಬಾಗಿಲು ತಟ್ಟಿದಳು. ಅತ್ತು ಅತ್ತು ಕಣ್ಣು ಮಂಜಾಗಿದ್ದ ಹೆಂಗಸೊಬ್ಬಳು ಕದ ತೆರೆದು, "ಯಾರು ಬೇಕಿತ್ತವ್ವಾ?" ಎಂದಳು.

ಮೂರು ಒಗಟು ಕಟ್ಟಿದವಳು ಹೊಸಿಲಿಗೆ ತಲೆಯಿಟ್ಟು, "ನಿಮ್ಮ ಮಗನ ತಲೆ ತೆಗೆಸಿದವಳು ನಾನೇ ತಾಯಿ," ಎಂದು ಆ ಒಂದು ಪ್ರಶ್ನೆಗೆ ಉತ್ತರ ಕೊಟ್ಟಳು.