ಓಬಳೇಶ ಮಿಷನ್ ತರಿಸಿದ್ದು

ಒಬ್ಬ ತಾಯಿ, ಒಬ್ಬ ಮಗ. ಮಗ ಓಬಳೇಶ, ಹೇಳಿದ್ದನ್ನು ಹೇಳಿದ ಹಾಗೇ ಮಾಡುವವನು. ತಾಯಿ ಮಾರಕ್ಕ, ಹೇಳಿ ಹೇಳಿ ಸೋತವಳು. ರವಿಕೆ ಹೊಲಿದು ಇಬ್ಬರ ಹೊಟ್ಟೆ ತುಂಬಿಸುತ್ತಿದ್ದಳು. ಒಂದು ದಿನ ಹೊಲಿಗೆ ಮಿಷನ್ ಮುರಿಯಿತು. ತಿಪ್ಪಮ್ಮನ ಮಗಳ ಮದುವೆ ರವಿಕೆಗಳು ಹಾಗೇ ಉಳಿದವು. ಮದುವೆಗೆ ಹತ್ತೇ ದಿನ.

"ಫೋನಿನಲ್ಲಿ ಅರ್ಧ ಬೆಲೆಗೆ ಸಿಗುತ್ತೆ ಅವ್ವಾ," ಅಂದ ಓಬಳೇಶ. ತರಿಸಿದ. ಡಬ್ಬಿ ಬಂತು. ದುಡ್ಡು ಕೊಟ್ಟ. ತಂದವನು ಹೋದ. ಡಬ್ಬಿಯೊಳಗೆ ಎರಡು ಇಟ್ಟಿಗೆ.

"ಬಿಚ್ಚಿ ನೋಡಬಾರದಿತ್ತೇನೋ?"

"ನೀನು ಹೇಳಲಿಲ್ಲ."

"ಇನ್ನು ಮೇಲೆ ಯಾರು ಏನೇ ಕೊಡಲಿ, ಪೂರ್ತಿ ಬಿಚ್ಚಿ ನೋಡಿ ತಗೋ."

"ಆಗಲಿ."

ಮರುದಿನ ತಿಪ್ಪಮ್ಮ ಮಗಳ ಅಳತೆ ರವಿಕೆ ತಂದು ಕೊಟ್ಟಳು. ಓಬಳೇಶ ಬ್ಲೇಡು ಹಿಡಿದು ಕೂತ. ತೋಳು ಬಿಚ್ಚಿದ. ಬೆನ್ನು ಬಿಚ್ಚಿದ. ಕೊಕ್ಕೆಯನ್ನೂ ಬಿಚ್ಚಿದ. ಮಾರಕ್ಕ ಬಂದಾಗ ಎಂಟು ತುಂಡು ಸಾಲಾಗಿ ಬಿದ್ದಿದ್ದವು.

"ಇಟ್ಟಿಗೆ ಇಲ್ಲ ಅವ್ವಾ. ಧೈರ್ಯವಾಗಿ ತಗೋ."

ಮಾರಕ್ಕ ಹಣೆ ಬಡಿದುಕೊಂಡಳು. "ನಾನು ಹೇಳಿದ್ದು ಫೋನಿನ ಅಂಗಡಿ ಮಾತು ಕಣೋ. ಅಂಗಡಿ ವಿಳಾಸದ ಪಕ್ಕ ಬೀಗದ ಗುರುತು ಇರಬೇಕಂತೆ. ಬೀಗ ಇಲ್ಲದ ಅಂಗಡಿಯಲ್ಲಿ ಏನೂ ಕೊಳ್ಳಬೇಡ. ಈಗ ಹೋಗಿ ದಾರ ತಗೊಂಡು ಬಾ, ಇದನ್ನಾದರೂ ಕೈಯಲ್ಲಿ ಹೊಲಿದು ಕೊಡ್ತೀನಿ."

ಬೆಳಿಗ್ಗೆ ಹೋದವನು ಸಂಜೆ ಬರಿಗೈಯಲ್ಲಿ ಬಂದ.

"ದಾರ ಎಲ್ಲೋ?"

"ಪೇಟೆಯಲ್ಲಿ ಒಂದೇ ಒಂದು ಅಂಗಡಿಗೆ ಬೀಗ ಇತ್ತು. ಅದರ ಮುಂದೆ ಕಾದೆ."

"ಆಮೇಲೆ?"

"ಅಂಗಡಿಯವನು ಬಂದು ಬೀಗ ತೆಗೆದುಬಿಟ್ಟ. ಇನ್ನು ಹೇಗೆ ನಂಬೋದು? ಬಂದುಬಿಟ್ಟೆ."

ಮಾರಕ್ಕ ಕಿವಿಯೋಲೆ ಮಾರಿದಳು. ಪಕ್ಕದ ಮನೆಯ ನಾಗವೇಣಿ ಟೀಚರ್ ಒಳ್ಳೆಯ ಅಂಗಡಿ ನೋಡಿ, ಓಬಳೇಶನ ಫೋನಿನಿಂದಲೇ ದುಡ್ಡು ಕಟ್ಟಿ, ಮಿಷನ್ ಕಳಿಸಲು ಹೇಳಿದರು. ಅವರು ಅತ್ತ ಹೋದರು, ಇತ್ತ ಯಾರದೋ ಕರೆ ಬಂತು. ಬಹುಮಾನ ಬಂದಿದೆಯಂತೆ, ಫೋನಿಗೆ ಬಂದ ನಂಬರ್ ಹೇಳಬೇಕಂತೆ. ಓಬಳೇಶ ಎರಡು ಅಂಕಿ ಹೇಳಿದ್ದ. ಮಾರಕ್ಕ ಫೋನ್ ಕಿತ್ತುಕೊಂಡಳು.

"ಯಾರು ಕೇಳಿದರೂ ನಂಬರ್ ಹೇಳಬೇಡ. ದೇವರೇ ಬಂದು ಕೇಳಿದರೂ ಹೇಳಬೇಡ. ಬಂದ ತಕ್ಷಣ ಅಳಿಸಿಹಾಕು."

"ಆಗಲಿ."

ಮದುವೆಗೆ ಎರಡು ದಿನ ಇರುವಾಗ ಮಿಷನ್ ಬಂತು.

"ನಿಮ್ಮ ಫೋನಿಗೆ ನಂಬರ್ ಬಂದಿದೆ ಅಣ್ಣ. ಹೇಳಿದರೆ ಇಳಿಸ್ತೀನಿ," ಅಂದ ತಂದವನು.

ಓಬಳೇಶ ತುಟಿ ಬಿಗಿದ. ಮಾರಕ್ಕ ಓಡಿ ಬಂದಳು.

"ಇವನಿಗೆ ಹೇಳಬಹುದು ಕಣೋ."

"ಯಾರು ಕೇಳಿದರೂ ಬೇಡ ಅಂದಿದ್ದೆ."

"ಹಾಗಾದರೆ ನನಗೆ ಹೇಳು."

"ನೀನೂ ಕೇಳ್ತಿದ್ದೀಯ."

"ಫೋನ್ ಕೊಡು, ನಾನೇ ನೋಡ್ತೀನಿ."

"ಅಳಿಸಿದ್ದೀನಿ. ಬಾಯಿಪಾಠ ಮಾಡಿಕೊಂಡೇ ಅಳಿಸಿದ್ದೀನಿ."

"ಮದುವೆ ನಾಡಿದ್ದು ಕಣೋ. ನಿನ್ನ ಕಾಲಿಗೆ ಬೀಳ್ತೀನಿ."

ಓಬಳೇಶ ಕಾಲು ಹಿಂದಕ್ಕೆ ತೆಗೆದುಕೊಂಡ. ಬಾಯಿ ಮಾತ್ರ ತೆರೆಯಲಿಲ್ಲ.

"ನಂಬರ್ ಇಲ್ಲದೆ ಕೊಡೋ ಹಾಗಿಲ್ಲಮ್ಮ," ಅಂದ ತಂದವನು. "ವಾಪಸ್ ಹೋಗುತ್ತೆ."

ಗಾಡಿ ಹೊರಟಿತು. ತಿರುವು ದಾಟಿತು. ಸದ್ದೂ ಅಡಗಿತು. ಮಾರಕ್ಕ ಹೊಸ್ತಿಲ ಮೇಲೆ ಕೂತಳು. ಏನೂ ಕೇಳಲಿಲ್ಲ.

ಓಬಳೇಶ ಅತ್ತ ಇತ್ತ ನೋಡಿ ಅವಳ ಪಕ್ಕ ಕೂತ.

"ಈಗ ಯಾರೂ ಕೇಳ್ತಿಲ್ಲ ಅವ್ವಾ," ಅಂದ. "ಏಳು, ಎರಡು, ಸೊನ್ನೆ, ನಾಲ್ಕು."