ತೂಕಡಿಸುವ ಕಾವಲುಗಾರ

ಶಿಷ್ಯನೊಬ್ಬ ಗುರುವನ್ನು ಕೇಳಿದ: “ಗುರುಗಳೇ, ನಾನು ಸಿಟ್ಟು ಬಿಟ್ಟು ಬಹಳ ದಿನವಾಯಿತು. ಆದರೂ ಈ ಊರಿನವರ ಬಾಯಲ್ಲಿ ನಾನು ಇಂದಿಗೂ ಸಿಡುಕನೇ. ನಾನೇ ನಗುತ್ತಾ ಮಾತಾಡಿಸಿದರೂ ದೂರವೇ ನಿಲ್ಲುತ್ತಾರೆ. ನನ್ನನ್ನು ಅರಿಯದ ಊರಿಗೆ ಹೋದರೆ ನಾನು ಬೇರೆ ಮನುಷ್ಯನಾಗಬಹುದಲ್ಲವೇ?”

ಗುರುಗಳು ಹೇಳಿದರು:

ಒಂದು ನಾಟಕ ಕಂಪನಿಯಲ್ಲಿ ಒಬ್ಬ ನಟನಿದ್ದ. ಅವನದು ಒಂದೇ ಪಾತ್ರ, ಅರಮನೆಯ ಬಾಗಿಲಲ್ಲಿ ತೂಕಡಿಸುವ ಕಾವಲುಗಾರ. ನಿಂತಲ್ಲೇ ಕಣ್ಣು ಮುಚ್ಚುತ್ತಿತ್ತು, ತಲೆ ವಾಲುತ್ತಿತ್ತು, ಕೈಯ ಭರ್ಜಿ ಜಾರುತ್ತಿತ್ತು. ಇನ್ನೇನು ಬಿದ್ದ ಎನ್ನುವಾಗ ಬೆಚ್ಚಿ ಎದ್ದು ಗೋಡೆಗೆ ಸಲಾಮು ಹೊಡೆಯುತ್ತಿದ್ದ. ಜನ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ‘ಒನ್ಸ್ ಮೋರ್’ ಎಂದು ಕೂಗುತ್ತಿದ್ದರು. ಅವನು ಮತ್ತೆ ತೂಕಡಿಸುತ್ತಿದ್ದ. ಆ ಸೀಮೆಯಲ್ಲಿ ಅವನಂತೆ ತೂಕಡಿಸುವ ಗಂಡು ಇನ್ನೊಬ್ಬನಿರಲಿಲ್ಲ. ರಾಜನ ವೇಷದವನ ಹೆಸರು ಯಾರಿಗೂ ಬೇಕಿರಲಿಲ್ಲ. ಇವನು ಬೀದಿಗಿಳಿದರೆ ಮಾತ್ರ, “ಏನ್ ಕಾವಲಪ್ಪಾ, ನಿದ್ದೆ ಆಯ್ತಾ?” ಎಂದು ಹೋಟೆಲಿನ ಒಳಗಿಂದಲೇ ಕೂಗುತ್ತಿದ್ದರು. ಇವನೂ ಎದೆಯುಬ್ಬಿಸಿ ನಡೆಯುತ್ತಿದ್ದ.

ಒಮ್ಮೆ ಅವನ ತಾಯಿ ತೀರಿಕೊಂಡಳು. ಚಿತೆಯ ಮುಂದೆ ನಿಂತು ಅವನು ಕಣ್ಣು ಮುಚ್ಚಿದ. ಹಿಂದಿನಿಂದ ಯಾರೋ ಕಿಸಕ್ಕನೆ ನಕ್ಕರು.

ಅವನು ನೇರ ಕಂಪನಿಯ ಯಜಮಾನನ ಬಳಿ ಹೋದ. “ಯಜಮಾನರೇ, ಈ ಕಾವಲು ಇನ್ನು ನನ್ನಿಂದಾಗದು. ನನಗೆ ರಾಜನ ಪಾತ್ರ ಕೊಡಿ.”

“ನಿನ್ನನ್ನ ಸಿಂಹಾಸನದ ಮೇಲೆ ಕೂರಿಸಿದರೆ, ದಿಂಬೂ ಕೊಡ್ರೋ ಅಂತ ಕೂಗ್ತಾರಲ್ಲೋ ಮಾರಾಯ!”

“ನನ್ನ ಮುಖ ಕಂಡಿರದ ಊರಿಗೆ ಕರೆದುಕೊಂಡು ಹೋಗಿ. ನನ್ನೊಳಗೆ ಎಂಥ ರಾಜ ಇದ್ದಾನೆ ಅಂತ ಅಲ್ಲಿ ನೋಡುವಿರಂತೆ.”

“ಆಗಲಿ. ಒಂದು ಆಟ ಕೊಡ್ತೀನಿ. ರಾಜನ ಮಗ ಸಾಯೋ ದೃಶ್ಯದಲ್ಲಿ ಯಾರೂ ನಗದಿದ್ದರೆ ಕಿರೀಟ ಕಾಯಂ ನಿನ್ನದು. ಒಬ್ಬ ನಕ್ಕರೂ, ಸಾಯೋ ತನಕ ನೀನು ಬಾಗಿಲಲ್ಲೇ.”

ನಟ ಒಪ್ಪಿದ.

ಕಂಪನಿ ನದಿ ದಾಟಿ ಹೋಗಿ ದೂರದ ಊರಿನಲ್ಲಿ ಡೇರೆ ಹಾಕಿತು. ಅವನು ರಾಜನಾಗಿ ಬಂದ. ನಡೆದರೆ ಹಲಗೆ ಅದುರಿತು. ಬಾಯಿ ತೆರೆದರೆ ಹಿಂದಿನ ಸಾಲಿನವರು ಬೀಡಿ ಸೇದುವುದನ್ನೇ ಮರೆತರು. ಮಗನ ಹೆಣದ ಮುಂದೆ ಕತ್ತಿಯೂರಿ ನಿಂತ. ಮುಂದಿನ ಸಾಲಿನ ಹೆಂಗಸೊಬ್ಬಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಡೇರೆಯಲ್ಲಿ ಉಸಿರಿನ ಸದ್ದೂ ಇಲ್ಲ.

ಅಂಥ ಮೌನವನ್ನು ಅವನು ರಂಗದ ಮೇಲೆ ಎಂದೂ ಕಂಡಿರಲಿಲ್ಲ. ಇವರಿಗೆ ಹಿಡಿಸಲಿಲ್ಲವೇ? ಎದ್ದು ಹೋಗುವರೇ? ಸ್ವಲ್ಪವೇ ಸ್ವಲ್ಪ, ಎಂದುಕೊಂಡ. ಕಣ್ಣು ಮುಚ್ಚಿದ. ತಲೆ ವಾಲಿತು. ಕತ್ತಿ ಜಾರಿತು. ಬೆಚ್ಚಿ ಎದ್ದು ಮಗನ ಹೆಣಕ್ಕೆ ಸಲಾಮು ಹೊಡೆದ.

ಡೇರೆ ಹಾರಿಹೋಗುವಂತೆ ಜನ ನಕ್ಕರು. ಆಟ ಮುಗಿದ ಮೇಲೆ ಯಜಮಾನ ಕೈ ಚಾಚಿದ. ಅವನು ಕಿರೀಟ ತೆಗೆದು ಕೊಟ್ಟ.

ಶಿಷ್ಯ ನಿಟ್ಟುಸಿರಿಟ್ಟ. “ಪಾಪ! ಅಷ್ಟು ದೂರ ಹೋದರೂ ಜನ ಅವನನ್ನು ರಾಜನಾಗಲು ಬಿಡಲಿಲ್ಲವಲ್ಲ, ಗುರುಗಳೇ.”

ಗುರುಗಳು ಹೇಳಿದರು: “ಆ ಊರಿನವರು ಕಾವಲುಗಾರನನ್ನು ಕಂಡೇ ಇರಲಿಲ್ಲ.”