ಮೋಜಣಿದಾರನ ಮನೆಯ ಸರ್ವರ್

"ಗುರುಗಳೇ, ಒಂದು ವಸ್ತುವನ್ನು ಎಂದೂ ಕಳೆದುಹೋಗದಂತೆ ಉಳಿಸಿಕೊಳ್ಳುವುದು ಹೇಗೆ?" ಎಂದು ಶಿಷ್ಯ ಕೇಳಿದ.

ಆತ ಒಂಬತ್ತು ವರ್ಷಗಳಿಂದ ಗುರುವಿನ ಬಳಿ ಇದ್ದ. ಗುರು ಆಡಿದ ಮಾತೆಲ್ಲವನ್ನೂ ಬರೆದುಕೊಳ್ಳುತ್ತಿದ್ದ. ಹದಿನಾಲ್ಕು ಪುಸ್ತಕಗಳು ತುಂಬಿದ್ದವು. ಹದಿನೈದನೆಯದು ಆಗ ಮಡಿಲಲ್ಲಿತ್ತು. ಗುರುವಿಗೆ ವಯಸ್ಸಾಗಿತ್ತು. ಶಿಷ್ಯನ ಚಿಂತೆ ಆ ಪುಸ್ತಕಗಳದ್ದು.

ಗುರು ಆತನನ್ನು ನೋಡಿದರು. "ಪೆನ್ನು ಕೆಳಗಿಡು. ಒಂದು ಕತೆ ಹೇಳುತ್ತೇನೆ" ಎಂದರು.

"ಹೇಳಿ ಗುರುಗಳೇ" ಎಂದ ಶಿಷ್ಯ. ಪೆನ್ನು ಕೆಳಗಿಡಲಿಲ್ಲ.

ಗುರು ಹೇಳಿದ ಕತೆ ಇದು.

ಒಬ್ಬ ಮೋಜಣಿದಾರನಿದ್ದ. ಹೊಲ, ನಿವೇಶನಗಳನ್ನು ಅಳೆದು ಗಡಿ ಗುರುತಿಸುವುದು ಆತನ ಕೆಲಸ. ಒಂದು ಸಲ ಅಳೆದದ್ದನ್ನು ಆತ ಅಳತೆ ಎಂದು ಒಪ್ಪುತ್ತಿರಲಿಲ್ಲ. ಆ ತುದಿಯಿಂದ ಈ ತುದಿಗೆ ಅಳೆದ ಮೇಲೆ ಈ ತುದಿಯಿಂದ ಆ ತುದಿಗೆ ಮತ್ತೆ ಅಳೆಯುತ್ತಿದ್ದ. ಕೊನೆಗೆ ಮೂಲೆಯಿಂದ ಮೂಲೆಗೆ ಅಡ್ಡಲಾಗಿ ಒಮ್ಮೆ ಎಳೆದು ನೋಡುತ್ತಿದ್ದ. ಬಿಸಿಲಲ್ಲಿ ಕಾದು ನಿಂತವರು ಗೊಣಗುತ್ತಿದ್ದರು. ಆದರೆ ಆತ ನೆಡಿಸಿದ ಕಲ್ಲನ್ನು ಕಿತ್ತು ಬೇರೆ ಕಡೆ ನೆಡಬೇಕಾಗಿ ಬಂದದ್ದು ಮೂವತ್ತನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಇಲ್ಲ.

ಆತ ಸೋತದ್ದು ಒಂದೇ ಸಲ. ಮನೆಯಲ್ಲಿ ಒಂದು ಡೆಸ್ಕ್‌ಟಾಪ್ ಕಂಪ್ಯೂಟರ್ ಇತ್ತು. ಮಗಳು ಅಂಬೆಗಾಲಿಟ್ಟದ್ದು, ಶಾಲೆಯಲ್ಲಿ ಕುಣಿದದ್ದು, ಹಬ್ಬದ ದಿನ ಹೆಂಡತಿ ಹಾಡಿದ್ದು, ಎಲ್ಲವೂ ಅದರಲ್ಲಿದ್ದವು. ಒಂದು ಬೆಳಿಗ್ಗೆ ಅದರ ಡಿಸ್ಕ್ ಟಿಕ್ ಟಿಕ್ ಎಂದಿತು. ಮಧ್ಯಾಹ್ನಕ್ಕೆ ಅದರಲ್ಲಿ ಏನೂ ಉಳಿದಿರಲಿಲ್ಲ. ಒಂದೇ ಪ್ರತಿ ಇಟ್ಟದ್ದು ತನ್ನ ತಪ್ಪು ಎಂದು ಆತ ತೀರ್ಮಾನಿಸಿದ. ಆ ತಪ್ಪಿಗೆ ತನ್ನನ್ನು ತಾನು ಕ್ಷಮಿಸಲಿಲ್ಲ.

ಆತ ನಿವೃತ್ತನಾದ ವರ್ಷ ಹೆಂಡತಿಯ ದನಿ ಒಡೆಯತೊಡಗಿತು. ವೈದ್ಯರು ಗಂಟಲಲ್ಲಿ ಗೆಡ್ಡೆ ಇದೆ ಎಂದರು. ಧ್ವನಿಪೆಟ್ಟಿಗೆಯನ್ನು ತೆಗೆಯಬೇಕು, ಜೀವ ಉಳಿಯಬಹುದು, ಮಾತು ಉಳಿಯುವುದಿಲ್ಲ ಎಂದರು. ಶಸ್ತ್ರಚಿಕಿತ್ಸೆಗೆ ನಲವತ್ತು ದಿನಗಳ ಮುಂದಿನ ತಾರೀಖು ಕೊಟ್ಟರು. ಅಲ್ಲಿಯವರೆಗೆ ಮೆಲ್ಲಗೆ ಮಾತಾಡಬೇಕು, ಕೂಗಿದರೆ ಇರುವ ದನಿಯೂ ಮೊದಲೇ ಹೋಗುತ್ತದೆ ಎಂದು ಎಚ್ಚರಿಸಿದರು.

ಮಗಳು ಆಗ ಬಸುರಿ. ಹೆಂಡತಿಗೆ ನಾಲ್ಕು ಜೋಗುಳಗಳು ಗೊತ್ತಿದ್ದವು. ತನ್ನ ತಾಯಿಯಿಂದ ಕಲಿತವು, ಮಗಳಿಗೆ ಹಾಡಿದವು. ಹುಟ್ಟಲಿರುವ ಮಗುವಿಗಾಗಿ ಆ ನಾಲ್ಕನ್ನು ತನ್ನ ದನಿಯಲ್ಲಿ ಹಾಡಿಡಬೇಕು ಎಂಬುದು ಆಕೆಯ ಆಸೆ. ಬೇರೇನನ್ನೂ ಕೇಳಲಿಲ್ಲ.

"ರೀ, ನಿಮ್ಮ ಫೋನಲ್ಲೇ ಹಿಡ್ಕೊಂಬಿಡಿ. ಈಗ್ಲೇ ಹಾಡ್ತೀನಿ. ಕಾಲು ಗಂಟೆ ಕೆಲಸ" ಎಂದಳು.

"ಫೋನು ಜೇಬಿಂದ ಬೀಳೋ ವಸ್ತು ಕಣೇ. ಅದ್ರಲ್ಲಿ ಇಡೋದಾ?"

"ಹಾಗಾದ್ರೆ ಇನ್ನೊಂದು ಡೆಸ್ಕ್‌ಟಾಪ್ ತನ್ನಿ."

"ಒಂದ್ಸಲ ಕೈಕೊಟ್ಟಿದ್ದನ್ನ ಮತ್ತೆ ತರೋದಾ? ನಲವತ್ತು ದಿನ ಇದೆ. ಸರಿಯಾಗಿ ಮಾಡೋಣ."

"ನೀವು ಸರಿಯಾಗಿ ಮಾಡೋ ಹೊತ್ತಿಗೆ ಮಗು ಶಾಲೆಗೆ ಹೋಗ್ತಿರತ್ತೆ" ಎಂದು ಆಕೆ ನಕ್ಕಳು. ಆಗ ಆಕೆಗೆ ನಗಲು ಆಗುತ್ತಿತ್ತು.

ಮೋಜಣಿದಾರ ಹಳೆಯ ಕಂಪ್ಯೂಟರುಗಳನ್ನು ಮಾರುವ ವ್ಯಾಪಾರಿಯ ಬಳಿ ಹೋದ. ಎಂದೂ ಕೆಡದ ಯಂತ್ರ ಬೇಕು ಎಂದ. ವ್ಯಾಪಾರಿ ಅಂಗಡಿಯ ಹಿಂಭಾಗಕ್ಕೆ ಕರೆದೊಯ್ದ. ಒಂದು ಕಂಪನಿ ಆರು ವರ್ಷ ಬಳಸಿ ತೆಗೆದುಹಾಕಿದ ಸರ್ವರ್ ಅಲ್ಲಿತ್ತು. ಡೆಸ್ಕ್‌ಟಾಪನ್ನು ಒಬ್ಬ ಮನುಷ್ಯ ಎದುರಿಗೆ ಕೂತು ಬಳಸಲೆಂದು ಮಾಡುತ್ತಾರೆ. ಸರ್ವರನ್ನು ಯಾರೂ ಕೂರದ ಕೋಣೆಗೆಂದು ಮಾಡುತ್ತಾರೆ. ಅದು ಬಾಗಿಲು ಮುಚ್ಚಿದ ಕೋಣೆಯಲ್ಲಿ ವರ್ಷಗಟ್ಟಲೆ ನಿಲ್ಲದೆ ಓಡುತ್ತದೆ.

"ಹೊಸ ಡೆಸ್ಕ್‌ಟಾಪಿನ ಬೆಲೆಗೆ ಇದು ಬರುತ್ತೆ ಸ್ವಾಮಿ. ಪವರ್ ಸಪ್ಲೈ ಎರಡು. ಡಿಸ್ಕ್ ಎಂಟು. ಒಂದು ಸತ್ರೆ ಇನ್ನೊಂದು ಎತ್ಕೊಳ್ಳುತ್ತೆ" ಎಂದ ವ್ಯಾಪಾರಿ. ಆಮೇಲೆ ನಕ್ಕು, "ಸದ್ದು ಮಾತ್ರ ಜಾಸ್ತಿ. ಹೆಂಡ್ತಿ ಮಾತು ಕಿವಿಗೆ ಬೀಳಬಾರದು ಅನ್ನೋರಿಗೆ ಹೇಳಿ ಮಾಡಿಸಿದ್ದು" ಎಂದ.

ಮೋಜಣಿದಾರ ನಗಲಿಲ್ಲ. ಎರಡು ಪವರ್ ಸಪ್ಲೈಗಳನ್ನೂ ಮುಟ್ಟಿ ನೋಡಿದ. ಎಂಟು ಡಿಸ್ಕ್‌ಗಳನ್ನು ಎಣಿಸಿದ. ಇನ್ನೊಮ್ಮೆ ಎಣಿಸಿದ. ಕೊಂಡ.

ಯಂತ್ರ ಮನೆಗೆ ಬಂತು. ಮೈಕಿನ ತಂತಿ ಸಿಕ್ಕಿಸಲು ಅದರಲ್ಲಿ ಜಾಗವೇ ಇರಲಿಲ್ಲ. ಸರ್ವರಿಗೆ ಯಾರೂ ಹಾಡು ಕೇಳಿಸುವುದಿಲ್ಲ, ಅದರಿಂದ ಯಾರೂ ಹಾಡು ಕೇಳುವುದಿಲ್ಲ. ಆತ ಸೌಂಡ್ ಕಾರ್ಡ್ ತಂದು ಒಳಗೆ ಕೂರಿಸಿದ. ನಾಲ್ಕನೆಯ ದಿನ ಸ್ವಿಚ್ ಒತ್ತಿದ.

ಅಂಥ ಯಂತ್ರಕ್ಕೆ ಒಂದು ಕ್ರಮವಿದೆ. ತನಗೆ ಗುರುತಿಲ್ಲದ ಬಿಡಿಭಾಗ ಒಳಗೆ ಸೇರಿದರೆ, ಎಲ್ಲಿ ಬಿಸಿಯೇರೀತೋ ಎಂದು ತನ್ನ ಫ್ಯಾನುಗಳನ್ನೆಲ್ಲ ಪೂರ್ತಿ ವೇಗದಲ್ಲಿ ಓಡಿಸುತ್ತದೆ. ಹೆಂಡತಿಯ ದನಿಯನ್ನು ಒಳಗೆ ಬಿಟ್ಟುಕೊಳ್ಳಲು ಹಾಕಿದ ಕಾರ್ಡೇ ಅದಕ್ಕೆ ಗುರುತಿಲ್ಲದ ಭಾಗ. ಹಿಟ್ಟಿನ ಗಿರಣಿಯೊಂದು ಮನೆಯೊಳಗೆ ಬಂದು ಕೂತಂತಾಯಿತು.

ಎಂಟರಲ್ಲಿ ಎರಡು ಡಿಸ್ಕ್‌ಗಳು ತಿರುಗಲೇ ಇಲ್ಲ. ಮೋಜಣಿದಾರ ವ್ಯಾಪಾರಿಗೆ ಫೋನ್ ಮಾಡಿದ.

"ವರ್ಷಗಟ್ಟಲೆ ಓಡಿದ ಡಿಸ್ಕು ಒಮ್ಮೆ ನಿಂತ್ರೆ ಮತ್ತೆ ಏಳುತ್ತೋ ಇಲ್ವೋ ಹೇಳಕ್ಕಾಗಲ್ಲ ಸ್ವಾಮಿ. ಎರಡು ಕಳಿಸ್ತೀನಿ, ಓಡ್ತಿರುವಾಗಲೇ ಹಾಕ್ಕೊಳ್ಳಿ. ಇನ್ಮೇಲೆ ಮಾತ್ರ ಅದನ್ನ ನಿಲ್ಲಿಸಬೇಡಿ" ಎಂದ ವ್ಯಾಪಾರಿ.

ಮೋಜಣಿದಾರ ಆ ಮಾತನ್ನು ಗೋಡೆಯ ಮೇಲೆ ಬರೆದಿಟ್ಟ. ಅಂದಿನಿಂದ ಯಂತ್ರ ನಿಲ್ಲಲಿಲ್ಲ.

ಎಂಟನೆಯ ದಿನ ಬದಲಿ ಡಿಸ್ಕ್‌ಗಳು ಬಂದವು. ಆತ ಡಿಸ್ಕ್‌ಗಳನ್ನು ಪರೀಕ್ಷಿಸಲು ಕೂತ. ನಿವೇಶನವನ್ನು ಅಳೆದಂತೆಯೇ ಅಳೆದ. ಮೊದಲಿಂದ ಕೊನೆಗೆ ಒಮ್ಮೆ, ಕೊನೆಯಿಂದ ಮೊದಲಿಗೆ ಒಮ್ಮೆ, ನಡುನಡುವೆ ಅಡ್ಡಲಾಗಿ ಒಮ್ಮೆ. ಒಂದು ಡಿಸ್ಕಿನ ಒಂದು ಸುತ್ತಿಗೆ ಒಂದು ದಿನ. ಎಂಟು ಡಿಸ್ಕ್, ಮೂರು ಸುತ್ತು. ಇಪ್ಪತ್ತನಾಲ್ಕು ದಿನ.

ಅದು ಎರಡು ಕೋಣೆಗಳ ಮನೆ. ಊಟಕ್ಕೆ ಕರೆಯಬೇಕಾದರೆ ಹೆಂಡತಿ ಕೂಗಬೇಕಿತ್ತು. ಹಾಲಿನವನು ಬಂದರೆ ಕೂಗಬೇಕಿತ್ತು. ಮಗಳು ಫೋನ್ ಮಾಡಿದ್ದಾಳೆ ಎನ್ನಲೂ ಕೂಗಬೇಕಿತ್ತು. ಅಳತೆಯ ನಡುವೆ ಹತ್ತಿರ ಬಂದು ಮುಟ್ಟಿದರೆ ಆತ ಬೆಚ್ಚಿಬೀಳುತ್ತಿದ್ದ, ಸಿಡುಕುತ್ತಿದ್ದ. ಆದ್ದರಿಂದ ಆಕೆ ಬಾಗಿಲಲ್ಲೇ ನಿಂತು ಕೂಗುತ್ತಿದ್ದಳು. ಕೆಲವು ದಿನ, "ಇವತ್ತು ಹಾಡ್ಲಾ?" ಎಂದು ಕೇಳಿದಳು. ಆತ ತಿರುಗದೆ ಎರಡು ಬೆರಳು ಎತ್ತುತ್ತಿದ್ದ. ಇನ್ನೆರಡು ದಿನ ಎಂದು ಅದರ ಅರ್ಥ. ಆಮೇಲೆ ಆಕೆ ಕೇಳುವುದನ್ನು ಬಿಟ್ಟಳು.

ಉಳಿಸಿಕೊಳ್ಳಿ ಎಂದು ವೈದ್ಯರು ಹೇಳಿದ ದನಿ ಊಟಕ್ಕೆ ಕರೆಯುವುದರಲ್ಲಿ ಮುಗಿಯುತ್ತ ಬಂತು.

ಮೂವತ್ತೆರಡನೆಯ ದಿನ ಡಿಸ್ಕ್‌ಗಳ ಪರೀಕ್ಷೆ ಮುಗಿಯಿತು. ಆತ ಮೈಕಿನ ತಂತಿಯನ್ನು ಅಡುಗೆಮನೆಯ ಬಾಗಿಲವರೆಗೆ ಎಳೆದ. ಕೆಲಸ ಮಾಡುತ್ತದೆಯೇ ಎಂದು ನೋಡಲು ಹನ್ನೊಂದು ಸೆಕೆಂಡು ಸದ್ದು ಹಿಡಿದ. ಅದು ನಾಲ್ಕು ಡಿಸ್ಕ್‌ಗಳ ಮೇಲೆ ನಾಲ್ಕು ಪ್ರತಿಯಾಗಿ ಕೂತಿತು. ಹಿಡಿದದ್ದು ಏನೆಂದು ಆತ ಕೇಳಿ ನೋಡಲಿಲ್ಲ. ನಾಲ್ಕೂ ಪ್ರತಿಗಳ ಅಳತೆ ಒಂದೇ ಇದೆಯೇ ಎಂದು ನೋಡಿದ. ಒಂದೇ ಇತ್ತು. ಸಮಾಧಾನವಾಯಿತು.

ಉಳಿದ ದಿನಗಳಲ್ಲಿ ಕರೆಂಟು ಹೋದಾಗ ಯಂತ್ರ ನಿಲ್ಲದಂತೆ ಬ್ಯಾಟರಿ ಜೋಡಿಸಿದ. ಫ್ಯಾನುಗಳನ್ನು ನಿಧಾನ ಮಾಡುವ ದಾರಿ ಹುಡುಕಿದ. ಮೂವತ್ತೆಂಟನೆಯ ದಿನ ಅದೂ ಸಿಕ್ಕಿತು. ಅರ್ಧ ಗಂಟೆ ನಿಧಾನ ಮಾಡಬಹುದು, ಅದಕ್ಕಿಂತ ಹೆಚ್ಚಾದರೆ ಬಿಸಿಯೇರುತ್ತದೆ. ನಾಲ್ಕು ಜೋಗುಳಕ್ಕೆ ಅರ್ಧ ಗಂಟೆ ಸಾಕು.

ಆತ ಫ್ಯಾನುಗಳನ್ನು ನಿಧಾನ ಮಾಡಿದ. ಮನೆಯಲ್ಲಿ ಸದ್ದು ನಿಂತಿತು. ಗೋಡೆ ಗಡಿಯಾರ ನಡೆಯುತ್ತಿರುವುದು ಕೇಳಿಸಿತು.

"ಬಾರೇ. ಎಲ್ಲ ಸರಿಯಾಗಿದೆ. ಈಗ ಹಾಡು" ಎಂದ.

ಹೆಂಡತಿ ಬಂದಳು. ಮೈಕಿನ ಮುಂದೆ ಕೂತಳು. ಬಾಯಿ ತೆರೆದಳು. ಗಾಳಿ ಬಂತು. ಗಾಳಿಯ ಜೊತೆ ಏನೂ ಬರಲಿಲ್ಲ.

ಆತ ನೀರು ತಂದುಕೊಟ್ಟ. ಆಕೆ ಕುಡಿದಳು. ಮತ್ತೆ ಬಾಯಿ ತೆರೆದಳು. ಗಾಳಿಯೇ ಬಂತು.

"ಯಾವಾಗಿಂದ ಹೀಗೆ?" ಎಂದು ಆತ ಕೇಳಿದ.

ಆಕೆ ಕ್ಯಾಲೆಂಡರಿನ ಹಳೆಯ ಹಾಳೆಯನ್ನು ಹರಿದು ಅದರ ಹಿಂಬದಿಯಲ್ಲಿ ಬರೆದಳು. "ಆರು ದಿನ ಆಯ್ತು."

"ಹೇಳಬಾರದಿತ್ತಾ?" ಎಂದ ಮೋಜಣಿದಾರ.

ಆಕೆ ಪೆನ್ಸಿಲನ್ನು ಹಾಳೆಯ ಮೇಲಿಟ್ಟು ಅಡುಗೆಮನೆಗೆ ಹೋದಳು. ಅಷ್ಟರಲ್ಲಿ ಅರ್ಧ ಗಂಟೆಯಾಗಿತ್ತು. ಆತ ಫ್ಯಾನುಗಳನ್ನು ಮತ್ತೆ ಪೂರ್ತಿ ವೇಗಕ್ಕೆ ತಂದ.

ನಲವತ್ತನೆಯ ದಿನ ಶಸ್ತ್ರಚಿಕಿತ್ಸೆ ನಡೆಯಿತು. ಧ್ವನಿಪೆಟ್ಟಿಗೆಯನ್ನು ತೆಗೆದರು.

ಆಮೇಲೆ ಮೋಜಣಿದಾರ ಆಕೆಯ ದನಿಗಾಗಿ ಹುಡುಕಿದ. ಡೆಸ್ಕ್‌ಟಾಪಿನ ಡಿಸ್ಕನ್ನು ಮೂರು ಕಡೆ ಕೊಟ್ಟು ನೋಡಿದ. ಮೂರು ಕಡೆಯಿಂದಲೂ ಹಾಗೆಯೇ ಹಿಂದಕ್ಕೆ ಬಂತು. ಮದುವೆಯ ವಿಡಿಯೋ ಇತ್ತು. ಅದರ ತುಂಬ ವಾಲಗದ ಸದ್ದು. ಮಗಳನ್ನು ಕೇಳಿದ. ಮಗಳು ಅಮ್ಮನೊಡನೆ ದಿನವೂ ಫೋನಿನಲ್ಲಿ ಮಾತಾಡಿದ್ದಳು. ಒಂದು ಮಾತನ್ನೂ ಹಿಡಿದಿಟ್ಟಿರಲಿಲ್ಲ. "ನೀವು ಹಿಡೀತಿದ್ದೀರಲ್ಲಪ್ಪಾ ಅಂತ ಸುಮ್ಮನಿದ್ದೆ" ಎಂದಳು.

ಕೊನೆಗೆ ಯಂತ್ರದಲ್ಲಿದ್ದ ಆ ಪರೀಕ್ಷೆಯ ಹನ್ನೊಂದು ಸೆಕೆಂಡನ್ನು ಅಳಿಸಲು ಹೋದ. ಅಳಿಸುವ ಮುನ್ನ ಒಮ್ಮೆ ಕೇಳಿದ. ಮೊದಲು ಫ್ಯಾನುಗಳ ಸದ್ದು. ಆ ಸದ್ದಿನೊಳಗಿಂದ ಹೆಂಡತಿ ಕೂಗುತ್ತಿದ್ದಳು.

"ರೀ, ಒಂದ್ ಗಳಿಗೆ ಅದನ್ನ ನಿಲ್ಸೀ. ನನ್ ಕೈಲಿ ಕೂಗಕ್ಕಾಗ್ತಿಲ್ಲ."

ಅಷ್ಟೇ. ಆಕೆಯ ದನಿ ಎಂದು ಈ ಲೋಕದಲ್ಲಿ ಉಳಿದಿರುವುದು ಅದೊಂದೇ. ನಾಲ್ಕು ಪ್ರತಿ, ಎರಡು ಪವರ್ ಸಪ್ಲೈ, ಒಂದು ಬ್ಯಾಟರಿ. ಆತ ಬಯಸಿದಂತೆಯೇ ಉಳಿಯಿತು.

ಈಗಲೂ ಆತ ಯಂತ್ರವನ್ನು ನಿಲ್ಲಿಸಿಲ್ಲ. ನಿಲ್ಲಿಸಿದರೆ ಡಿಸ್ಕ್‌ಗಳು ಮತ್ತೆ ತಿರುಗುವ ಭರವಸೆ ಇಲ್ಲ. ಬೇರೆ ಕಡೆ ಒಂದು ಪ್ರತಿ ಮಾಡಿಟ್ಟು ಇದನ್ನು ನಿಲ್ಲಿಸಿ ಎಂದು ಮಗಳು ಹೇಳಿದಳು. ಬೇರೆ ಯಾವುದನ್ನೂ ಆತ ನಂಬಲಿಲ್ಲ. ಬಾಣಂತನಕ್ಕೆ ಬಂದ ಮಗಳ ಮಗು ಆ ಸದ್ದಿನಲ್ಲಿ ನಿದ್ದೆ ಮಾಡಲಿಲ್ಲ. ಮಗಳು ಒಂಬತ್ತನೆಯ ದಿನ ಮಗುವನ್ನೆತ್ತಿಕೊಂಡು ಗಂಡನ ಮನೆಗೆ ಹೊರಟುಹೋದಳು. ಆಕೆಯನ್ನು ಬಸ್ಸಿಗೆ ಹತ್ತಿಸಲು ಆತ ಹೋಗಲಿಲ್ಲ. ಅಷ್ಟರಲ್ಲಿ ಕರೆಂಟು ಹೋದರೆ ಎಂದು ಅಂಜಿದ.

ದಿನವೆಲ್ಲ ಆತ ಯಂತ್ರದ ಬಳಿ ಕೂತಿರುತ್ತಾನೆ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಡುವೆ ಒಮ್ಮೆ ನಾಲ್ಕೂ ಪ್ರತಿಗಳನ್ನು ಹೋಲಿಸುತ್ತಾನೆ. ಆಮೇಲೆ ಕಣ್ಣು ಮುಚ್ಚಿ ಆ ಹನ್ನೊಂದು ಸೆಕೆಂಡು ಕೇಳುತ್ತಾನೆ. ಆ ಮನೆಯಲ್ಲಿ ಮಾತೆಂದರೆ ಅದೊಂದೇ. ಹೊತ್ತಿಗೆ ಸರಿಯಾಗಿ ಕೋಣೆಯ ಬಾಗಿಲಲ್ಲಿ ಊಟದ ತಟ್ಟೆ ಬರುತ್ತದೆ. ತಟ್ಟೆ ಇಟ್ಟ ಸದ್ದು ಆತನಿಗೆ ಕೇಳುವುದಿಲ್ಲ. ಯಾವಾಗಲೋ ತಿರುಗಿ ನೋಡಿ ಉಣ್ಣುತ್ತಾನೆ. ಅಷ್ಟರಲ್ಲಿ ಅನ್ನ ಆರಿರುತ್ತದೆ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕೊನೆಯ ಸಾಲನ್ನು ಬರೆದು ಮುಗಿಸಿ ತಲೆ ಎತ್ತಿದ.

"ಗುರುಗಳೇ, ಆತ ತಡ ಮಾಡಿದ್ದು ತಪ್ಪು, ಒಪ್ಪುತ್ತೇನೆ. ಆದರೆ ಈಗ ಆತನನ್ನು ಹೇಗೆ ದೂರುವುದು? ಹೆಂಡತಿ ತೀರಿಕೊಂಡ ಮೇಲೆ ಆ ಬಡಪಾಯಿಗೆ ಉಳಿದದ್ದು ಅಷ್ಟೇ. ಅದನ್ನಾದರೂ ಕಾಯಬೇಡವೇ?" ಎಂದ.

ಗುರು ಆತನ ಮಡಿಲಲ್ಲಿದ್ದ ಪುಸ್ತಕದ ಕಡೆ ನೋಡಿದರು.

"ಎಲ್ಲವನ್ನೂ ಬರೆದುಕೊಂಡಿದ್ದೀಯಲ್ಲ, ಓದಿ ನೋಡು, ಆಕೆ ತೀರಿಕೊಂಡಳೆಂದು ನಾನು ಹೇಳಲೇ ಇಲ್ಲ, ಆ ತಟ್ಟೆ ತಂದಿಡುವವಳು ಅವಳೇ."